ಕರಿಯೋಕ: ಹೊಳೆಯ ಹೆಸರು ಹೊತ್ತ ಊರವರು

ರಿಯೊ ಡಿ ಜನೈರೊದಲ್ಲಿ ಹುಟ್ಟಿದವರನ್ನು ಬ್ರೆಜಿಲಿನಲ್ಲಿ ‘ಕರಿಯೋಕ’ ಎನ್ನುತ್ತಾರೆ. ಪದದ ಹೊಟ್ಟೆಯಲ್ಲಿ ‘ರಿಯೊ’ ಕಾಣಿಸುವುದು ಬರೀ ಕಾಕತಾಳೀಯ. ಊರಿನ ಹೆಸರು ಪೋರ್ಚುಗೀಸ್; ‘ಜನವರಿಯ ನದಿ’ ಎಂದರ್ಥ. ಆದರೆ ಅಲ್ಲಿರುವುದು ನದಿಯಲ್ಲ, ಗ್ವಾನಬಾರ ಕೊಲ್ಲಿ. ಊರವರ ಹೆಸರೇ ನಿಜವಾದ ಹೊಳೆಯೊಂದರದು, ಅದೂ ಪೋರ್ಚುಗೀಸರು ಬಂದಿಳಿದಾಗ ಆ ಕರಾವಳಿಯ ಮಾತಾಗಿದ್ದ ತುಪಿ ಭಾಷೆಯದು.

ಪದದ ಉತ್ತರಾರ್ಧದ ಬಗ್ಗೆ ತಕರಾರಿಲ್ಲ: ‘ಓಕ’ ಎಂದರೆ ಮನೆ. ಜಗಳವಿರುವುದು ‘ಕರಿ’ಯಲ್ಲಿ. ಕನ್ನಡದ ಕಿವಿಗೆ ತಮಾಷೆ ಅನ್ನಿಸೀತು, ಎಲ್ಲರೂ ಹೇಳುವ ಅರ್ಥ ‘ಬಿಳಿಯನ ಮನೆ’. ಹೊಳೆಯ ದಡದಲ್ಲಿ ಪೋರ್ಚುಗೀಸರು ಕಟ್ಟಿದ ಮನೆಯೊಂದನ್ನು ಕಂಡು ತುಪಿ ಜನ ಹಾಗೆಂದರು ಎಂಬುದು ಕಥೆ. ಇದು ನಿಲ್ಲಬೇಕಾದರೆ ಪರಕೀಯರನ್ನು ಸೂಚಿಸುವ ‘ಕರಾಇಬ’ ಎಂಬ ಪದ ಸವೆದು ‘ಕರಿ’ ಆಗಿರಬೇಕು.

ಇನ್ನೊಂದು ಸಾಕ್ಷಿ ಇದೆ. 1557ರಲ್ಲಿ ಅಲ್ಲಿನ ಫ್ರೆಂಚ್ ವಸಾಹತಿಗೆ ಬಂದ ಜಾನ್ ದ ಲೆರಿ, 1578ರ ತನ್ನ ಪುಸ್ತಕದಲ್ಲಿ ಈ ಹೆಸರಿನ ಹಳ್ಳಿಯೊಂದನ್ನು ದಾಖಲಿಸಿದ್ದಾನೆ. ಪಕ್ಕದ ಸಣ್ಣ ಹೊಳೆಯಿಂದ ಹಳ್ಳಿಗೆ ಆ ಹೆಸರು ಬಂತಂತೆ. ಅರ್ಥ ‘ಕರಿಯೊಗಳ ಮನೆ’. ದಕ್ಷಿಣದ ಕರಿಜೊ ಎಂಬ ಬುಡಕಟ್ಟಿಗೆ ಇದನ್ನು ಜೋಡಿಸುವವರಿದ್ದಾರೆ. ಲೆರಿಯ ಕಿವಿಯೂ ಪರದೇಶಿಯದೇ, ನಿಜ. ಆದರೂ ಆ ಮಾತನ್ನು ಆಡುವವರ ನಡುವೆ ಕೂತು ಕೇಳಿದವನ ಕಡೆಗೇ ನನ್ನ ಒಲವು. ‘ಅಕರಿ’ ಎಂಬ ಮೀನಿನ ಮನೆ ಎನ್ನುವ ಮೂರನೆಯ ವಾದವೂ ಉಂಟು.

ಯಾವ ಅರ್ಥ ಹಿಡಿದರೂ ಪದದ ಕಟ್ಟಡ ಒಂದೇ: ಒಡೆಯ ಮೊದಲು, ಮನೆ ಆಮೇಲೆ. ಪೋರ್ಚುಗೀಸಿನಲ್ಲಿ ಇದು ತಿರುಗುಮುರುಗು. ಈ ವಿಷಯದಲ್ಲಿ ತುಪಿ ನಮ್ಮ ‘ಅಜ್ಜಿಮನೆ’ಯ ಜಾಡಿನದು, ನೆಂಟಸ್ತಿಕೆ ಏನೂ ಇಲ್ಲದಿದ್ದರೂ.

ಹಳ್ಳಿ ಅಳಿದರೂ ಹೊಳೆಯ ಹೆಸರು ಉಳಿಯಿತು, ಏಕೆಂದರೆ ಊರು ಕುಡಿದದ್ದು ಅದರ ನೀರನ್ನು. 18ನೆಯ ಶತಮಾನದಲ್ಲಿ ಗುಡ್ಡದಿಂದ ಕಾಲುವೆ ಕಟ್ಟಿ ನೀರನ್ನು ಪೇಟೆಯ ಕಾರಂಜಿಗೆ ತಂದರು. ಲಾಪಾ ಬಡಾವಣೆಯ ಬಿಳಿ ಕಮಾನುಸಾಲು ಆ ಕಾಲುವೆಯದೇ. ಈಗ ಅದರ ಮೇಲೆ ಟ್ರಾಮ್ ಓಡುತ್ತದೆ.

ಇದೇ ಹೆಸರಿನ ನೃತ್ಯವೂ ಒಂದಿದೆ, ಅದರ ಕಥೆ ಬೇರೆ. 1933ರ ಹಾಲಿವುಡ್ ಚಿತ್ರ ‘ಫ್ಲೈಯಿಂಗ್ ಡೌನ್ ಟು ರಿಯೊ’ದಲ್ಲಿ ಫ್ರೆಡ್ ಅಸ್ಟೇರ್ ಮತ್ತು ಜಿಂಜರ್ ರಾಜರ್ಸ್ ಮೊದಲ ಬಾರಿಗೆ ಜೋಡಿಯಾದರು, ಹಣೆಗೆ ಹಣೆ ತಾಗಿಸಿ ಕುಣಿದ ಆ ಕುಣಿತಕ್ಕೆ ‘ಕರಿಯೋಕ’ ಎಂದೇ ಹೆಸರು. ವಿನ್ಸೆಂಟ್ ಯೂಮನ್ಸ್ ರಾಗ ಹಾಕಿದ ಹಾಡು ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. ಸಾಂಬಾದ ಲಯಕ್ಕೆ ಬಾಲ್‌ರೂಮ್ ಹೆಜ್ಜೆ ಬೆರೆಸಿದ ಈ ಕುಣಿತ ಸ್ಟುಡಿಯೊದ ಕೂಸು. ರಿಯೊದ ಗುಡ್ಡದ ಕೇರಿಗಳಲ್ಲಿ ಜನ ಕುಣಿಯುತ್ತಿದ್ದದ್ದು ಸಾಂಬಾವನ್ನು. ಆದರೂ ಇಂಗ್ಲಿಷ್ ನಿಘಂಟುಗಳಲ್ಲಿ ಊರವರ ಪಕ್ಕದಲ್ಲೇ ಆ ಕುಣಿತವೂ ಜಾಗ ಹಿಡಿದು ಕೂತಿದೆ.

ಪದ ಅಷ್ಟಕ್ಕೇ ನಿಲ್ಲಲಿಲ್ಲ. ಲಿಸ್ಬನ್ನಿನಲ್ಲಿ ‘ಕರಿಯೋಕ’ ಕೇಳಿದರೆ ತೆಳು ಕಾಫಿ ಕೊಡುತ್ತಾರೆ. ಬ್ರೆಜಿಲಿನ ಮನೆಗಳಲ್ಲಿ ದಿನಾ ಬೇಯುವ ಗೆರೆಗೆರೆ ಹುರುಳಿಕಾಯಿ ಬೀಜವೂ ಕರಿಯೋಕವೇ, ಅದು ಬಂದದ್ದು ಮಾತ್ರ ಸಾವೊ ಪಾವ್ಲೊ ರಾಜ್ಯದಿಂದ.

ಹೊಳೆ ಇಂದು ಬಹುಪಾಲು ರಸ್ತೆಗಳಡಿ ಹರಿಯುತ್ತದೆ. ಪೇಟೆಯಲ್ಲಿ ‘ಕರಿಯೋಕ’ ಎಂಬ ಮೆಟ್ರೊ ನಿಲ್ದಾಣವಿದೆ, ಹಳೆಯ ಕಾರಂಜಿಯಿದ್ದ ಚೌಕದಲ್ಲಿ. ಅಲ್ಲಿ ಹೊಳೆ ಹರಿದದ್ದೇ ಇಲ್ಲ. ಅದನ್ನು ನೋಡಬೇಕೆಂದರೆ ಕೊಸ್ಮೆ ವೆಲ್ಯೊ ಬಡಾವಣೆಗೆ ಹೋಗಬೇಕು. ಬೊಟಿಕಾರಿಯೊ ಚೌಕದ ಹಳೆಯ ಮನೆಗಳ ಪಕ್ಕದಲ್ಲಿ ಅದು ಒಂದಿಷ್ಟು ದೂರ ಬಿಸಿಲು ಕಾಣುತ್ತದೆ.