ಮರೆವೂ ವಂಶವಾಹಿಯೂ



ಹನೂರಿನ ಕಡೆಯ ಒಂದು ಹಳ್ಳಿಯಲ್ಲಿ ನನಗೊಬ್ಬರು ಬಾಲ್ಯದ ಗೆಳೆಯರಿದ್ದಾರೆ. ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿದವರು. ಮಿತಭಾಷಿ, ಸಂಕೋಚದ ಮನುಷ್ಯ. ಐವತ್ತೆರಡನೆಯ ವಯಸ್ಸಿನಲ್ಲಿ ಅವರ ಸ್ವಭಾವ ಬದಲಾಗತೊಡಗಿತು. ಮದುವೆಯ ಪಂಕ್ತಿಯಲ್ಲಿ ಪಕ್ಕದವರ ಎಲೆಗೆ ಕೈಹಾಕಿ ಹೋಳಿಗೆ ಎತ್ತಿಕೊಂಡರು. ನೆರೆಮನೆಯಲ್ಲಿ ಸಾವಾದಾಗ ನಕ್ಕರು. ಮನೆಯವರು ಮಲೆಯ ಮಾದಪ್ಪನಿಗೆ ಹರಕೆ ಹೊತ್ತರು. ಊರವರು ಮಾತ್ರ, ‘ಯಾವುದನ್ನೂ ಮರೆತಿಲ್ಲವಲ್ಲ, ಇದು ಕಾಯಿಲೆಯಲ್ಲ, ಕೊಬ್ಬು’ ಎಂದು ತೀರ್ಪು ಕೊಟ್ಟರು. ನಾನೂ ಆ ತೀರ್ಪನ್ನು ಮನಸ್ಸಿನಲ್ಲಿ ಒಪ್ಪಿಕೊಂಡಿದ್ದೆನೆಂದು ಇಂದು ನಾಚಿಕೆಯಿಂದ ಹೇಳುತ್ತೇನೆ.

ಎರಡು ವರ್ಷ ಕಳೆದ ಮೇಲೆ ಒಂದು ಸಂಜೆ ಅವರು ನಮ್ಮ ಜಗಲಿಯಲ್ಲಿ ಕುಳಿತಿದ್ದರು. ಮಾತಿನ ನಡುವೆ ಒನಕೆಯ ಪ್ರಸ್ತಾಪ ಬಂತು. ಅವರು ನನ್ನನ್ನು ನೋಡಿ, ‘ಒನಕೆ ಅಂದರೆ ಏನು?’ ಎಂದು ಕೇಳಿದರು. ಒಳಗಿನಿಂದ ತಂದು ತೋರಿಸಿದೆ. ಎಂದೂ ಕಾಣದ ವಸ್ತುವನ್ನು ನೋಡುವಂತೆ ಅದನ್ನು ತಿರುಗಿಸಿ ನೋಡಿದರು. ಹಿಂದಿನ ವಾರ ನಾವಿಬ್ಬರೂ ಕೊಳ್ಳೇಗಾಲಕ್ಕೆ ಹೋಗಿಬಂದದ್ದು ಅವರಿಗೆ ನೆನಪಿತ್ತು. ಮರೆತದ್ದು ಪದದ ಅರ್ಥವನ್ನು. ನಲವತ್ತು ವರ್ಷ ಪದಗಳ ಅರ್ಥ ಹೇಳಿ ಬದುಕಿದ ನನಗೆ ಆ ಸಂಜೆ ನಿದ್ರೆ ಬರಲಿಲ್ಲ.

ಬೆಂಗಳೂರಿನ ವೈದ್ಯರು ಅದಕ್ಕೆ ಕೊಟ್ಟ ಹೆಸರು ಫ್ರಂಟೊಟೆಂಪೊರಲ್ ಡಿಮೆನ್ಷಿಯಾ. ಹಣೆಯ ಹಿಂದೆಯೂ ಕಪೋಲದ ಒಳಬದಿಯಲ್ಲೂ ಇರುವ ಮೆದುಳಿನ ಭಾಗಗಳು ಕ್ರಮೇಣ ಸವೆಯುವ ರೋಗ ಇದು. ಪ್ರಾಗ್ ನಗರದ ವೈದ್ಯ ಆರ್ನಾಲ್ಡ್ ಪಿಕ್ ಇಂಥ ರೋಗಿಯೊಬ್ಬನನ್ನು ಕುರಿತು ೧೮೯೨ರಲ್ಲಿ ಬರೆದರು. ಸಾಮಾನ್ಯವಾಗಿ ನಲವತ್ತೈದರಿಂದ ಅರವತ್ತೈದರ ನಡುವೆ, ಎಂದರೆ ಮನೆಯ ಭಾರ ಹೊತ್ತಿರುವ ವಯಸ್ಸಿನಲ್ಲಿಯೇ ಇದು ತಲೆದೋರುತ್ತದೆ. ೨೦೧೬ರಲ್ಲಿ ತೆರೆಕಂಡ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಅನಂತನಾಗ್ ಅವರು ಅಭಿನಯಿಸಿದ ಆಲ್ಝೈಮರ್ ರೋಗಿಯನ್ನು ನಮ್ಮ ಜನ ಬಲ್ಲರು. ಅಲ್ಲಿ ಮೊದಲು ಹೋಗುವುದು ನೆನಪು. ಇಲ್ಲಿ ಮೊದಲು ಹೋಗುವುದು ಬಹುಮಟ್ಟಿಗೆ ನಡತೆ, ಇಲ್ಲವೆ ಮಾತು. ಆದಕಾರಣವೇ ನೆನಪು ಉಳಿದಿರುವುದು ಈ ರೋಗದ ಗುರುತೆಂದು ವೈದ್ಯಗ್ರಂಥಗಳು ಬಹುಕಾಲ ಹೇಳಿದವು. ೨೦೧೧ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಲಕ್ಷಣಸೂಚಿಯಲ್ಲಿಯೂ ನೆನಪು ತಕ್ಕಮಟ್ಟಿಗೆ ಉಳಿದಿರುವುದು ಒಂದು ಅಂಶವಾಗಿ ಸೇರಿದೆ.

ಈ ನಿಯಮ ಸುಳ್ಳಲ್ಲ, ಆದರೆ ಅಪೂರ್ಣ. ನೆನಪೆಂಬುದು ಒಂದೇ ಪದಾರ್ಥವಲ್ಲ. ನಿನ್ನೆ ಯಾರು ಬಂದಿದ್ದರು ಎಂಬುದು ಘಟನೆಯ ನೆನಪು. ಒನಕೆ ಎಂದರೇನು ಎಂಬುದು ಅರ್ಥದ ನೆನಪು. ಕಂಸಾಳೆಯವರ ಕೈಗೆ ತಾಳ ತಾನಾಗಿ ಬರುವುದು ಅಭ್ಯಾಸದ ನೆನಪು. ಇವಕ್ಕೆ ಮೆದುಳಿನಲ್ಲಿ ಬೇರೆ ಬೇರೆ ನೆಲೆಗಳುಂಟು. ರಾತ್ರಿಯಿಡೀ ಕಥೆ ಹಾಡಬಲ್ಲವನಿಗೆ ಮರೆವಿಲ್ಲ ಎನ್ನುವಂತಿಲ್ಲ. ಹಾಡು ಉಳಿದು ಅದರೊಳಗಿನ ಪದದ ಅರ್ಥ ಹೋಗಿರಬಹುದು.

ಇನ್ನೂ ಒಂದು ಭೇದವಿದೆ. ಪುಸ್ತಕ ಕಪಾಟಿನಲ್ಲಿಯೇ ಇದ್ದು ಹುಡುಕುವವನು ದಾರಿ ತಪ್ಪಬಹುದು. ಅಥವಾ ಪುಸ್ತಕವೇ ಇಲ್ಲದಿರಬಹುದು. ಹಣೆಯ ಹಿಂದಿನ ಭಾಗ ಕೆಟ್ಟಾಗ ಆಗುವುದು ಹೆಚ್ಚಾಗಿ ಮೊದಲನೆಯದು. ಕೆಲವು ಪದಗಳನ್ನು ಹೇಳಿ, ಸ್ವಲ್ಪ ಹೊತ್ತಿನ ಮೇಲೆ ಕೇಳಿದರೆ ರೋಗಿ ಹೇಳಲಾರ. ‘ಅದರಲ್ಲೊಂದು ತರಕಾರಿ’ ಎಂದು ಸುಳಿವಿತ್ತರೆ, ‘ಬದನೆಕಾಯಿ’ ಎನ್ನುತ್ತಾನೆ. ಕಪೋಲದ ಒಳಗಿರುವ ಹಿಪೊಕ್ಯಾಂಪಸ್ ಎಂಬ ಭಾಗ ಕುಗ್ಗಿದಾಗ ಸುಳಿವಿನಿಂದಲೂ ಹೆಚ್ಚು ಪ್ರಯೋಜನವಾಗದು.

ರೋಗವು ವಂಶದಲ್ಲಿ ಹರಿದುಬಂದಾಗ ಈ ಭೇದಗಳು ಇನ್ನಷ್ಟು ಸ್ಪಷ್ಟವಾಗುತ್ತವೆ. ಈ ರೋಗಿಗಳಲ್ಲಿ ಸುಮಾರು ಮೂವರಲ್ಲೊಬ್ಬರ ಮನೆತನದಲ್ಲಿ ಇಂಥದೇ ಕಾಯಿಲೆಯ ಚರಿತ್ರೆಯಿರುತ್ತದೆ. ಬಹುಪಾಲು ಇಂಥ ಮನೆತನಗಳಿಗೆ ಕಾರಣವಾದ ವಂಶವಾಹಿಗಳು ಮುಖ್ಯವಾಗಿ ಮೂರು. ಗ್ರಂಥಸಂಪಾದನೆಯ ಪರಿಚಯವಿರುವವರಿಗೆ ಇವನ್ನು ತಿಳಿಯುವುದು ಕಷ್ಟವಲ್ಲ. ಪ್ರತಿಯೊಬ್ಬನಲ್ಲಿಯೂ ಇಂಥ ಪ್ರತಿಯೊಂದು ವಂಶವಾಹಿಗೆ ಎರಡು ಓಲೆಪ್ರತಿಗಳಿರುತ್ತವೆ, ತಾಯಿಯದೊಂದು, ತಂದೆಯದೊಂದು. ಒಂದರಲ್ಲಿ ಲಿಪಿಕಾರನ ಸ್ಖಾಲಿತ್ಯವಿದ್ದರೂ ಸಾಕು, ರೋಗ ಬರಬಹುದು.

ಮೊದಲನೆಯದು ಟೌ ಎಂಬ ಪ್ರೋಟೀನಿನ ವಂಶವಾಹಿ. ಇದರ ದೋಷ ಪತ್ತೆಯಾದದ್ದು ೧೯೯೮ರಲ್ಲಿ. ಇಲ್ಲಿ ಹೆಚ್ಚಾಗಿ ಆಗುವುದು ಒಂದಕ್ಷರದ ಪಲ್ಲಟ. ಎರಡನೆಯದು ಪ್ರೊಗ್ರಾನ್ಯುಲಿನ್, ೨೦೦೬ರಲ್ಲಿ ತಿಳಿಯಿತು. ಇಲ್ಲಿ ಒಂದು ಪ್ರತಿ ಓದಲಾಗದಂತೆ ಕೆಟ್ಟು, ಪ್ರೋಟೀನು ಅರ್ಧದಷ್ಟಕ್ಕೆ ಇಳಿಯುತ್ತದೆ. ಮೂರನೆಯದು ಒಂಬತ್ತನೆಯ ವರ್ಣತಂತುವಿನಲ್ಲಿದೆ. ೨೦೧೧ರಲ್ಲಿ ಬೆಳಕಿಗೆ ಬಂತು. ನಿದ್ದೆಗಣ್ಣಿನ ಲಿಪಿಕಾರ ಬರೆದದ್ದನ್ನೇ ಬರೆದಂತೆ, ಆರಕ್ಷರಗಳ ಒಂದು ತುಣುಕು ನೂರಾರು ಸಲ ಪುನರುಕ್ತವಾಗಿರುತ್ತದೆ.

ಸ್ಖಾಲಿತ್ಯ ಬೇರೆಯಾದಂತೆ ಮರೆವಿನ ರೀತಿಯೂ ಬೇರೆ. ಟೌ ದೋಷದಲ್ಲಿ ಕಪೋಲದ ಒಳಭಾಗ ಬೇಗ ಕುಗ್ಗುವುದರಿಂದ ಪದಾರ್ಥವೂ ಘಟನೆಯೂ ಎರಡೂ ಮಸುಕಾಗಬಹುದು. ಕೆಲವೊಮ್ಮೆ ಆಲ್ಝೈಮರ್ ಎಂದೇ ಭ್ರಮೆಯಾಗುತ್ತದೆ. ಪ್ರೊಗ್ರಾನ್ಯುಲಿನ್ ದೋಷ ಮೆದುಳಿನ ಒಂದು ಪಾರ್ಶ್ವವನ್ನು ಹೆಚ್ಚಾಗಿ ಹಿಡಿದು ಹಿಂಬದಿಗೂ ಹಬ್ಬುತ್ತದೆ. ಮರೆವಿನೊಡನೆ ಲೆಕ್ಕವೂ ದಿಕ್ಕೂ ತಪ್ಪಬಹುದು. ಮೂರನೆಯದರಲ್ಲಿ ಮರೆವಿನ ಜೊತೆಗೆ ಭ್ರಮೆಗಳೂ ಕೈಕಾಲಿನ ಸ್ನಾಯುಗಳು ಸೊರಗುವ ಕಾಯಿಲೆಯೂ ಕಾಣಿಸಿಕೊಳ್ಳಬಹುದು. ಇಂಥ ಕುಟುಂಬಗಳನ್ನು ಯೂರೋಪು ಮತ್ತು ಕೆನಡಾದ ವಿದ್ವಾಂಸರು ೨೦೧೨ರಿಂದ ಒಟ್ಟಾಗಿ ಅನುಸರಿಸಿ ನೋಡುತ್ತಿದ್ದಾರೆ. ಟೌ ದೋಷವುಳ್ಳವರಲ್ಲಿ ರೋಗ ಪ್ರಕಟವಾಗುವ ಮುನ್ನವೇ ನೆನಪಿನ ಪರೀಕ್ಷೆಯಲ್ಲಿ ಸೂಕ್ಷ್ಮ ಕುಂದು ಕಾಣುತ್ತದೆಂಬುದು ಅವರ ಕೆಲಸದಿಂದ ತಿಳಿದುಬಂದಿದೆ. ಆದ್ದರಿಂದ ‘ನೆನಪಿದೆಯಲ್ಲ’ ಎಂದು ರೋಗವನ್ನು ತಳ್ಳಿಹಾಕುವುದು ಎಷ್ಟು ತಪ್ಪೋ, ‘ಮರೆತನಲ್ಲ’ ಎಂದೊಡನೆ ಆಲ್ಝೈಮರ್ ಎನ್ನುವುದೂ ಅಷ್ಟೇ ತಪ್ಪು. ಈ ವಿವೇಚನೆ ಬರಿಯ ಪಾಂಡಿತ್ಯವಲ್ಲ. ಆಲ್ಝೈಮರ್ ರೋಗಿಗಳಿಗೆ ಕೊಡುವ ಡೊನೆಪೆಜಿಲ್‌ನಂಥ ಔಷಧ ಈ ರೋಗದಲ್ಲಿ ಉಪಕರಿಸದು. ನಡತೆಯನ್ನು ಇನ್ನಷ್ಟು ಕೆಡಿಸಲೂಬಹುದು.

ನೆನಪನ್ನು ಅಳೆಯಬೇಕಾದರೆ ಅವರವರ ನುಡಿಯಲ್ಲಿಯೇ ಅಳೆಯಬೇಕು. ಹನೂರಿನ ಸುತ್ತ ಮನೆಯಲ್ಲಿ ತಮಿಳು, ಸಂತೆಯಲ್ಲಿ ಕನ್ನಡ ಆಡುವವರುಂಟು. ಸೋಲಿಗರ ನುಡಿ ಬೇರೆ. ಶಾಲೆಯ ಮೆಟ್ಟಿಲು ಹತ್ತದ ಹಿರಿಯರೂ ಅನೇಕರು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಸಿದ್ಧಪಡಿಸಿದ ಪರೀಕ್ಷಾಮಾಲೆ ಕನ್ನಡವೂ ಸೇರಿ ಐದು ಭಾಷೆಗಳಲ್ಲಿ ದೊರೆಯುತ್ತದೆಂಬುದು ಸಮಾಧಾನದ ಸಂಗತಿ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಅವರು ಹೈದರಾಬಾದಿನ ೬೪೮ ಡಿಮೆನ್ಷಿಯಾ ರೋಗಿಗಳನ್ನು ಪರಿಶೀಲಿಸಿ ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆ ಆಡುವವರಲ್ಲಿ ರೋಗ ನಾಲ್ಕೂವರೆ ವರ್ಷ ತಡವಾಗಿ ತೋರಿತ್ತು. ಓದುಬರಹವಿಲ್ಲದವರಲ್ಲಿಯೂ ಈ ಅಂತರ ಕಂಡಿತು. ಆದರೆ ಇದು ವಂಶವಾಹಿಯ ದೋಷಕ್ಕೆ ಕವಚವೆಂದು ಯಾರೂ ಭಾವಿಸಬಾರದು.

ನನ್ನ ಗೆಳೆಯರಲ್ಲಿ ಕಂಡುಬಂದದ್ದು ಟೌ ವಂಶವಾಹಿಯ ದೋಷ. ಫಲಿತಾಂಶ ಬಂದ ದಿನ ಅವರ ಮಗಳು ನಮ್ಮ ಮನೆಗೆ ಬಂದಳು. ‘ದೊಡ್ಡಪ್ಪ, ಅಜ್ಜಿಗೂ ಕೊನೆಗಾಲದಲ್ಲಿ ಹೀಗೇ ಆಗಿತ್ತಂತೆ. ಊರವರು ಮರುಳು ಅಂದಿದ್ದರಂತೆ. ಸೋದರಮಾವನನ್ನು ಮದುವೆಯಾದದ್ದರಿಂದ ಹೀಗಾಯಿತೆ? ನನಗೂ ಬರುತ್ತದೆಯೆ?’ ಎಂದು ಕೇಳಿದಳು.

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಒಂದು ಪ್ರತಿಯ ದೋಷವೇ ಸಾಕಾದ್ದರಿಂದ ಸೋದರಸಂಬಂಧದ ಮದುವೆ ಇದಕ್ಕೆ ಕಾರಣವಲ್ಲ. ಅಜ್ಜಿಯ ಮೇಲಿನ ಆ ಹಳೆಯ ಅಪವಾದವನ್ನೂ ಅಳಿಸಬಹುದು. ಎರಡನೆಯದು ಕಠಿಣ. ದೋಷವುಳ್ಳ ತಂದೆಯ ಅಥವಾ ತಾಯಿಯ ಪ್ರತಿಯೊಂದು ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಅದು ಬರುವ ಸಂಭವ ನೂರಕ್ಕೆ ಐವತ್ತು. ಅಣ್ಣನಿಗೆ ಬಂದಿತೆಂದು ತಂಗಿಗೆ ತಪ್ಪುವುದಿಲ್ಲ. ಒಬ್ಬೊಬ್ಬರದೂ ಬೇರೆ ಬೇರೆ ಲೆಕ್ಕ. ರಕ್ತಪರೀಕ್ಷೆಯಿಂದ ತಿಳಿಯಬಹುದು. ಆದರೆ ತಿಳಿದ ಮೇಲೆ ಅದನ್ನು ತಡೆಯುವ ಔಷಧ ಇಂದಿಗೂ ಇಲ್ಲ, ಪ್ರಯೋಗಗಳು ನಡೆಯುತ್ತಿವೆ. ಆದಕಾರಣ ವಂಶವಾಹಿಯ ವಿಷಯ ಬಲ್ಲ ವೈದ್ಯರೊಡನೆ ಮೊದಲು ಕುಳಿತು ಮಾತಾಡಿ, ಆಮೇಲೆ ಪರೀಕ್ಷೆ ಮಾಡಿಸಿಕೊಳ್ಳುವುದು ಕ್ರಮ. ಲಕ್ಷಣವಿಲ್ಲದ ಮಕ್ಕಳಿಗೆ ಹದಿನೆಂಟು ತುಂಬುವ ಮೊದಲು ಮಾಡಿಸುವುದಿಲ್ಲ. ತಿಳಿಯುವ ಹಕ್ಕಿನಷ್ಟೇ ತಿಳಿಯದಿರುವ ಹಕ್ಕೂ ಮನುಷ್ಯನಿಗಿದೆ. ಗಂಡಿನ ಕಡೆಯವರಾಗಲಿ, ಹೆಣ್ಣಿನ ಕಡೆಯವರಾಗಲಿ ಇದನ್ನು ಬಲವಂತ ಮಾಡಲಾಗದು.

ಹುಡುಗಿ ಇನ್ನೂ ನಿರ್ಧರಿಸಿಲ್ಲ, ನಾನೂ ಒತ್ತಾಯಿಸಿಲ್ಲ. ಈಗ ಅವಳು ಒಂದು ಕೆಲಸ ಮಾಡುತ್ತಿದ್ದಾಳೆ. ತಂದೆ ದಿನವೂ ಬಳಸುವ ವಸ್ತುಗಳನ್ನು ಇದ್ದಲ್ಲಿಯೇ ಇರಿಸುತ್ತಾಳೆ, ಚೊಂಬು ಜಗಲಿಯಲ್ಲಿ, ಕೊಡೆ ಗೂಟದಲ್ಲಿ. ಹೆಸರು ಹೋದರೂ ಕೈಯ ಅಭ್ಯಾಸ ಇನ್ನೂ ಇದೆ. ಊಟದ ಎಲೆಯನ್ನು ಸ್ವಲ್ಪ ದೂರಕ್ಕೆ ಹಾಕಿಸುತ್ತಾಳೆ. ಅವರು ಪಕ್ಕದ ಎಲೆಗೆ ಕೈಹಾಕಿದರೆ ಈಗ ಯಾರೂ ಗದರುವುದಿಲ್ಲ. ಅದು ಕೊಬ್ಬಲ್ಲವೆಂದು ಕೊನೆಗೆ ಊರಿಗೂ ತಿಳಿದಿದೆ. ಕಳೆದ ವಾರ ಹೋಗಿದ್ದಾಗ ಅವರು ನನ್ನ ಹೆಸರು ಹೇಳಲಿಲ್ಲ. ಸರಿದು ಕುಳಿತು ಚಾಪೆಯಲ್ಲಿ ಜಾಗ ಮಾಡಿಕೊಟ್ಟರು.