ಹತ್ತು ಸೆಕೆಂಡಿನ ನೀಹಾರಿಕೆ

ನಕ್ಷತ್ರಗಳ ನಡುವೆ ಹರಡಿಕೊಂಡ ಅನಿಲ ಮತ್ತು ಧೂಳಿನ ಮೋಡಗಳನ್ನು ನೀಹಾರಿಕೆಗಳೆನ್ನುತ್ತಾರೆ. ಬರಿಗಣ್ಣಿಗೂ ಮಸುಕಾಗಿ ತೋರುವ ಕೆಲವೇ ನೀಹಾರಿಕೆಗಳಲ್ಲಿ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಖಡ್ಗದಲ್ಲಿರುವ ಎಂ-42 ಒಂದಾಗಿದ್ದು, ಅದು ಸುಮಾರು 1,340 ಜ್ಯೋತಿರ್ವರ್ಷ ದೂರದಲ್ಲಿದೆ. 1880ರ ಸೆಪ್ಟೆಂಬರ್ 30ರಂದು ಹೆನ್ರಿ ಡ್ರೇಪರ್ ಅದರ ಮೊದಲ ಛಾಯಾಚಿತ್ರ ತೆಗೆದಾಗ 11 ಅಂಗುಲದ ದೂರದರ್ಶಕವನ್ನು 51 ನಿಮಿಷ ಅದರ ಮೇಲೆಯೇ ನೆಟ್ಟಿರಬೇಕಾಯಿತು. ಇಂದು 50 ಮಿ.ಮೀ. ಮಸೂರದ, ಬೆನ್ನುಚೀಲದಲ್ಲಿ ಹಿಡಿಸುವ ದೂರದರ್ಶಕವೊಂದನ್ನು ಬೆಳಗಾವಿಯಿಂದ ಸುಮಾರು 26 ಕಿ.ಮೀ. ದೂರದ ಖಾನಾಪುರದ ಹೊಲದ ಬದುವಿಗೆ ಒಯ್ದರೆ ಆ ಕೆಲಸ ಹತ್ತು ಹತ್ತು ಸೆಕೆಂಡುಗಳ ತುಣುಕುಗಳಲ್ಲಿ ಸಾಗುತ್ತದೆ.

ಈ ತುಣುಕು ಪದ್ಧತಿ ಖಾನಾಪುರಕ್ಕೆ ಹೇಳಿ ಮಾಡಿಸಿದಂತಿದೆ. ದೀರ್ಘ ಎಕ್ಸ್‌ಪೋಜರ್‌ಗೆ, ಅಂದರೆ ಸೆನ್ಸರನ್ನು ಬಹಳ ಹೊತ್ತು ಬೆಳಕಿಗೆ ತೆರೆದಿಡಲು, ದೂರದರ್ಶಕದ ಅಕ್ಷವನ್ನು ಧ್ರುವದ ಕಡೆಗೆ ಕರಾರುವಾಕ್ಕಾಗಿ ತಿರುಗಿಸಬೇಕು. ಆದರೆ ಧ್ರುವ ನಕ್ಷತ್ರವು ಊರಿನ ಅಕ್ಷಾಂಶ ಎಷ್ಟೋ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಎತ್ತರದಲ್ಲಿ ನಿಲ್ಲುವುದರಿಂದ, ಖಾನಾಪುರದಲ್ಲಿ ಅದು ಸುಮಾರು 16 ಡಿಗ್ರಿಯಲ್ಲಿ, ಮರಗಳ ಮರೆಯಲ್ಲಿ, ಅದೂ ನೇರ ಉತ್ತರದ ಬೆಳಗಾವಿಯ ದೀಪಗಳ ಪ್ರಭೆಯೊಳಗೆ ಸಿಕ್ಕಿಬೀಳುತ್ತದೆ. ಪುಟ್ಟ ದೂರದರ್ಶಕಕ್ಕೆ ಧ್ರುವದ ಹಂಗೇ ಇಲ್ಲ. ಅದು ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ ಮಾತ್ರ ಚಲಿಸುತ್ತ ಗುರಿಯನ್ನು ಹಿಂಬಾಲಿಸುತ್ತದೆ.

ಹಾಗೆ ಹಿಂಬಾಲಿಸುವಾಗ ಗುರಿ ನಡುವಿನಲ್ಲೇ ಉಳಿದರೂ ಅದರ ಸುತ್ತಲಿನ ಆಕಾಶ ನಿಧಾನವಾಗಿ ಗಿರಕಿ ಹೊಡೆಯುತ್ತದೆ. ಇದಕ್ಕೆ ಕ್ಷೇತ್ರ ಭ್ರಮಣ ಎನ್ನಬಹುದು. ಎಂ-42 ಪೂರ್ವದಲ್ಲಿ 45 ಡಿಗ್ರಿ ಏರಿದಾಗ ಈ ಭ್ರಮಣ ಗಂಟೆಗೆ ಸುಮಾರು 9 ಡಿಗ್ರಿಯಿದ್ದರೆ, ಅದು ದಕ್ಷಿಣದಲ್ಲಿ ತನ್ನ ಗರಿಷ್ಠ ಎತ್ತರ ಮುಟ್ಟುವ ಹೊತ್ತಿಗೆ ಗಂಟೆಗೆ ಸುಮಾರು 40 ಡಿಗ್ರಿಯಾಗುತ್ತದೆ. ನೆತ್ತಿಗೆ ಬಂದಾಗಲೇ ಚಿತ್ರ ಚೆನ್ನ ಎಂಬ ಸಾಮಾನ್ಯ ನಂಬಿಕೆಗೆ ವಿರುದ್ಧವಾಗಿ, ಇಲ್ಲಿ ಅದು ಪೂರ್ವದಲ್ಲಿ ಏರುತ್ತಿರುವಾಗಲೇ ಕೆಲಸ ಹಿಡಿಯುವುದು ಲೇಸು. ಐದು ನಿಮಿಷದ ಎಕ್ಸ್‌ಪೋಜರ್‌ನಲ್ಲಿ ಅಂಚಿನ ನಕ್ಷತ್ರಗಳು ಕಮಾನಿನಂತೆ ಎಳೆದುಕೊಳ್ಳುತ್ತವೆ. ಹತ್ತು ಸೆಕೆಂಡಿನಲ್ಲಿ ಆ ಎಳೆತ ಕಣ್ಣಿಗೆ ಬೀಳುವಷ್ಟಿರುವುದಿಲ್ಲ.

ಮೊದಲ ಹತ್ತು ಸೆಕೆಂಡಿನ ಚಿತ್ರ ನೋಡಿದವರಿಗೆ ನಿರಾಸೆಯಾಗುವುದು ಸಹಜ, ಏಕೆಂದರೆ ಅದರಲ್ಲಿರುವುದು ರವೆ ಚೆಲ್ಲಿದಂತಹ ಬೂದು ಹರಳುಹರಳು ಮತ್ತು ನಡುವೆ ಒಂದು ತೆಳು ಬಿಳುಪು ಮಾತ್ರ. ಈ ಹರಳನ್ನು ನಾಯ್ಸ್ ಎನ್ನುತ್ತಾರೆ. ನೀಹಾರಿಕೆಯ ಬೆಳಕು ಪ್ರತಿ ಚಿತ್ರದಲ್ಲೂ ನಕ್ಷತ್ರಗಳ ನಡುವೆ ಅದೇ ಜಾಗದಲ್ಲಿರುತ್ತದೆ, ಹರಳು ಮಾತ್ರ ಜಾಗ ಬದಲಿಸುತ್ತಿರುತ್ತದೆ. ಹೀಗಾಗಿ ನಕ್ಷತ್ರಗಳನ್ನು ಗುರುತಿಟ್ಟು, ಚಿತ್ರಗಳನ್ನು ತಿರುಗಿಸಿ ಸರಿಹೊಂದಿಸಿ ಒಂದರ ಮೇಲೊಂದು ಪೇರಿಸಿ ಸರಾಸರಿ ತೆಗೆದರೆ, ಅಂದರೆ ಸ್ಟ್ಯಾಕಿಂಗ್ ಮಾಡಿದರೆ, ಚಿತ್ರಗಳ ಸಂಖ್ಯೆಯ ವರ್ಗಮೂಲದಷ್ಟು ಪಟ್ಟು ಹರಳು ತಗ್ಗುತ್ತದೆ. ನೂರು ಚಿತ್ರಗಳಿಗೆ ಹತ್ತು ಪಟ್ಟು. ಒಂದು ಗಂಟೆಯ 360 ಚಿತ್ರಗಳಿಗೆ ಸುಮಾರು ಹತ್ತೊಂಬತ್ತು ಪಟ್ಟು. ಬೂದು ಬಣ್ಣದೊಳಗಿಂದ ಮೊದಲು ನೀಹಾರಿಕೆಯ ಒಂದು ರೆಕ್ಕೆ, ಆಮೇಲೆ ಇನ್ನೊಂದು ಬಿಚ್ಚಿಕೊಳ್ಳುವುದನ್ನು ಮೊಬೈಲ್ ಪರದೆಯ ಮೇಲೆ ಕಾಣುವುದೇ ಈ ಕಲೆಯ ನಿಜವಾದ ಸುಖ. ದೀರ್ಘ ಎಕ್ಸ್‌ಪೋಜರ್‌ನಲ್ಲಿ ಬೆಳ್ಳಗೆ ಸುಟ್ಟುಹೋಗುವ ನಡುವಿನ ನಾಲ್ಕು ಎಳೆಯ ನಕ್ಷತ್ರಗಳೂ ಇಲ್ಲಿ ಬಿಡಿಬಿಡಿಯಾಗಿ ಉಳಿಯುತ್ತವೆ. ಇಂದಿನ ಸಿಮಾಸ್ (CMOS) ಸೆನ್ಸರ್‌ಗಳು ಪ್ರತಿ ಚಿತ್ರ ಓದುವಾಗ ಅತ್ಯಲ್ಪ ನಾಯ್ಸ್ ಸೇರಿಸುವುದೇ ಇದಕ್ಕೆಲ್ಲ ಆಧಾರ. ಚಿತ್ರಗಳನ್ನು ಪೇರಿಸಲು ಸಿರಿಲ್‌ನಂತಹ ಉಚಿತ ತಂತ್ರಾಂಶಗಳೂ ಇವೆ.

ಚಳಿಗಾಲದ ಇಬ್ಬನಿ ಮಸೂರವನ್ನು ಮಬ್ಬಾಗಿಸುವುದರಿಂದ ಅದನ್ನು ಬೆಚ್ಚಗಿಡುವ ಸಣ್ಣ ಹೀಟರ್ ಬೇಕು. 2011ರಲ್ಲಿ ಘೋಷಿತವಾದ ಭೀಮಗಡ ವನ್ಯಜೀವಿ ಅಭಯಾರಣ್ಯದ ಕಾಡು ಖಾನಾಪುರದ ದಕ್ಷಿಣದ ಕತ್ತಲೆಯನ್ನು ಇನ್ನೂ ಕಾಯುತ್ತಿದೆ. ಬೀದಿದೀಪಗಳಿಗೆ ಬೆಳಕು ಮೇಲಕ್ಕೆ ಚೆಲ್ಲದಂತೆ ಮುಚ್ಚಳ ಹಾಕಿದರೆ ಉತ್ತರದ ಆಕಾಶವೂ ಒಂದಿಷ್ಟು ಮರಳಿ ಸಿಕ್ಕೀತು.

ಮಳೆಗೆ ಮಾತ್ರ ಉಪಾಯವಿಲ್ಲ. ಧನು ರಾಶಿಯ ಎಂ-8 ಮತ್ತು ಎಂ-20 ಎಂಬ ಸುಂದರ ನೀಹಾರಿಕೆಗಳು ನಡುರಾತ್ರಿ ಎತ್ತರಕ್ಕೆ ಬರುವುದು ಜೂನ್ ಕೊನೆಯ ಸುಮಾರಿಗೆ. ಆಗ ಮೃಗಶಿರಾ ಮಳೆ ಮುಗಿದು ಆರಿದ್ರಾ ಹಿಡಿದು, ಖಾನಾಪುರ ತಾಲ್ಲೂಕಿನ ಜಾಂಬೋಟಿ-ಕಣಕುಂಬಿಯ ಮೇಲೆ ಮೋಡ ಕೂತಿರುತ್ತದೆ. ಅವೆರಡು ಖಾನಾಪುರದವರಿಗೆ ಸಿಗುವುದು ಮಾರ್ಚ್-ಏಪ್ರಿಲ್‌ನ ಬೆಳಗಿನ ಜಾವ, ಸೂರ್ಯೋದಯಕ್ಕೆ ಮುನ್ನಿನ ಒಂದೆರಡು ಗಂಟೆ.