ಮರಿಯ ಜೀವ ಉಳಿಯುವುದು 21ನೇ ದಿನದ ಆಚೆ

ಮುಂಡರಗಿಯಿಂದ ಹೂವಿನಹಡಗಲಿಗೆ ಹೊರಟವರಿಗೆ ತುಂಗಭದ್ರೆಯ ಸೇತುವೆ ದಾಟುವ ಮೊದಲು ಕೊರ್ಲಹಳ್ಳಿ ಸಿಗುತ್ತದೆ. ಈ ಸೀಮೆಯಲ್ಲಿ ಜವಾರಿ ಕೋಳಿ ಸಾಕಲು ಶೆಡ್ಡು ಬೇಕಿಲ್ಲ. ಹಿತ್ತಲು, ತಿಪ್ಪೆ, ದನದ ಕೊಟ್ಟಿಗೆಯ ಒಂದು ಮೂಲೆ, ರಾತ್ರಿ ಮುಚ್ಚಲು ಒಂದು ಬುಟ್ಟಿ ಇದ್ದರೆ ಆಯಿತು. ತತ್ತಿ ಇಡುವುದು ನಿಲ್ಲಿಸಿದ ಹೇಂಟೆ ಮೈ ಉಬ್ಬಿಸಿಕೊಂಡು, ಹತ್ತಿರ ಹೋದವರ ಕೈ ಕುಕ್ಕತೊಡಗಿದರೆ ಅದು ಕಾವಿಗೆ ಕೂತಿದೆ ಎಂದೇ ಲೆಕ್ಕ. ಅದರ ಅಡಿಗೆ ಹತ್ತು ಹನ್ನೆರಡು ತತ್ತಿ ಇಟ್ಟರೆ 21 ದಿನಕ್ಕೆ ಮರಿ.

ಆದರೆ ಯಾವ ತತ್ತಿ ಇಡಬೇಕು ಎಂಬಲ್ಲೇ ಅರ್ಧ ಫಲಿತಾಂಶ ತೀರ್ಮಾನವಾಗುತ್ತದೆ. ಹುಂಜವಿಲ್ಲದ ಮನೆಯ ತತ್ತಿ ಎಷ್ಟು ದಿನ ಕಾವು ಕಂಡರೂ ಮರಿಯಾಗದು. ಇಟ್ಟು ಏಳು ದಿನ ದಾಟಿದ ತತ್ತಿಯಲ್ಲಿ ಜೀವದ ಕಸುವು ಇಳಿಯುತ್ತ ಹೋಗುತ್ತದೆ. ಗದಗ ಸೀಮೆಯ ಏಪ್ರಿಲ್, ಮೇ ತಿಂಗಳ ಬಿಸಿಲು ಇನ್ನೂ ಅಪಾಯಕಾರಿ. ಕೋಣೆಯ ಉಷ್ಣತೆ 27 ಡಿಗ್ರಿ ದಾಟಿದರೆ ಒಳಗಿನ ಭ್ರೂಣ ಅರೆಬರೆ ಬೆಳೆಯತೊಡಗಿ, ಕಾವಿಗೆ ಕೂರಿಸುವ ಮೊದಲೇ ಸಾಯುತ್ತದೆ. ಇದಕ್ಕೆ ಮಣ್ಣಿನ ಮಡಕೆಯೇ ಒಳ್ಳೆಯ ಉಪಾಯ. ನೆರಳಿನಲ್ಲಿ ಮರಳು ಹಾಕಿ, ಅದರಲ್ಲಿ ಮಡಕೆಯನ್ನು ಅರ್ಧ ಹುಗಿದು, ಸುತ್ತಲ ಮರಳಿಗೆ ನೀರು ಚಿಮುಕಿಸುತ್ತಿದ್ದರೆ ಒಳಗಿಟ್ಟ ತತ್ತಿ ತಣ್ಣಗಿರುತ್ತದೆ. ಮೊನಚು ತುದಿ ಕೆಳಗೆ, ಅಗಲ ತುದಿ ಮೇಲೆ ಇರಬೇಕು. ಮರಿ ಮೊದಲ ಉಸಿರೆಳೆಯುವ ಗಾಳಿಯ ಜಾಗ ಇರುವುದು ಆ ಅಗಲ ತುದಿಯಲ್ಲಿ.

ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ಕುಕ್ಕುಟ ವಿಜ್ಞಾನಿಗಳು ರೂಪಿಸಿದ ಗಿರಿರಾಜ ತಳಿ ಹಿತ್ತಲ ಕೋಳಿಸಾಕಣೆಗೆಂದೇ ಬಂದದ್ದು. ಜವಾರಿ ಕೋಳಿಗಿಂತ ಮೈಯೂ ಹೆಚ್ಚು, ತತ್ತಿಯೂ ಹೆಚ್ಚು. ಆದರೆ ಹೆಚ್ಚು ತತ್ತಿಗಾಗಿ ಬೆಳೆಸಿದ ತಳಿಗಳಿಗೆ ಕಾವಿಗೆ ಕೂರುವ ಗುಣ ಕಡಿಮೆ. ಹೀಗಾಗಿ ಗಿರಿರಾಜದ ತತ್ತಿಗೂ ಕಾವು ಕೊಡುವ ತಾಯಿ ಜವಾರಿ ಹೇಂಟೆಯೇ. ಊರಿನ ಈ ತಳಿ ಕಳೆದುಹೋದರೆ ಮನೆಯಲ್ಲಿ ಮರಿ ಮಾಡಿಸುವ ವಿದ್ಯೆಯೂ ಅದರೊಟ್ಟಿಗೇ ಹೋಗುತ್ತದೆ.

ಹೇಂಟೆ ಇಲ್ಲದವರು ಥರ್ಮಾಕೋಲ್ ಪೆಟ್ಟಿಗೆ, ಬಲ್ಬು, ಥರ್ಮೋಸ್ಟ್ಯಾಟ್ ಜೋಡಿಸಿ ಮನೆಯಲ್ಲೇ ಯಂತ್ರ ಮಾಡಿಕೊಳ್ಳುತ್ತಾರೆ. ಫ್ಯಾನ್ ಇರುವ ಪೆಟ್ಟಿಗೆಯಲ್ಲಿ 37.5 ಡಿಗ್ರಿ ಶಾಖ, ಬಟ್ಟಲಿನ ನೀರಿನಿಂದ ತೇವ, ದಿನಕ್ಕೆ ಕನಿಷ್ಠ ಮೂರು ಸಲ ತತ್ತಿ ಹೊರಳಿಸುವುದು: ಹೇಂಟೆ ಯಾರೂ ಹೇಳಿಕೊಡದೆ ಮಾಡುವ ಕೆಲಸ ಇಷ್ಟೇ. ಈಜಿಪ್ಟಿನಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಇಟ್ಟಿಗೆಯ ಒಲೆಮನೆಗಳಲ್ಲಿ ಸಾವಿರಾರು ತತ್ತಿಗಳಿಗೆ ಕಾವು ಕೊಡುತ್ತಿದ್ದಾರೆ. ಅಲ್ಲಿನ ಕೆಲಸಗಾರರು ತತ್ತಿಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿ ಶಾಖ ಅಳೆಯುತ್ತಾರೆ. ನಮ್ಮ ಪೆಟ್ಟಿಗೆಗೆ ಇರುವ ಭಯ ಕರೆಂಟಿನದು. ಅರ್ಧ ಗಂಟೆ ಕರೆಂಟು ಹೋದರೆ ಗಾಬರಿ ಬೇಡ, ಕಾಳು ತಿನ್ನಲು ಎದ್ದುಹೋದ ಹೇಂಟೆಯೂ ಅಷ್ಟು ಹೊತ್ತು ತತ್ತಿ ಬಿಟ್ಟಿರುತ್ತದೆ. ಶಾಖ 40 ಡಿಗ್ರಿ ದಾಟಿದರೆ ಮಾತ್ರ ಮರಿ ಬೇಗ ಸಾಯುತ್ತದೆ. ತಂಪಿಗಿಂತ ಬಿಸಿಗೇ ಹೆಚ್ಚು ಹೆದರಬೇಕು.

18ನೇ ದಿನದ ನಂತರ ತತ್ತಿ ಹೊರಳಿಸುವಂತಿಲ್ಲ. ತೇವ ಹೆಚ್ಚಿಸಿ, ಮುಚ್ಚಳ ಹಾಕಿ ಸುಮ್ಮನಿರಬೇಕು. ಮನುಷ್ಯರಿಗೆ ಕಷ್ಟವಾಗುವುದು ಇದೇ. ಚಿಪ್ಪಿನಲ್ಲಿ ಸಣ್ಣ ಬಿರುಕು ಕಂಡ ಮೇಲೆ ಮರಿ ಹೊರಬರಲು 12ರಿಂದ 24 ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಅದು ಸೋತು ಮಲಗಿಲ್ಲ, ಉಳಿದ ಬಂಡಾರವನ್ನು, ಅಂದರೆ ತತ್ತಿಯ ಹಳದಿ ಭಾಗವನ್ನು, ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ. ಪೊರೆಯ ನಾಳಗಳಲ್ಲಿ ಇನ್ನೂ ರಕ್ತ ಹರಿಯುತ್ತಿರುತ್ತದೆ. ಕನಿಕರದಿಂದ ಚಿಪ್ಪು ಸುಲಿದರೆ ಆ ರಕ್ತ ಸೋರಿ ಮರಿ ಸಾಯುತ್ತದೆ. ಮತ್ತೆ ಮತ್ತೆ ಮುಚ್ಚಳ ತೆರೆದರೂ ಪೊರೆ ಒಣಗಿ ಮರಿಯ ಮೈಗೆ ಅಂಟಿಕೊಳ್ಳುತ್ತದೆ.

ಹೊರಬಂದ ಮರಿಗೆ ಮೊದಲು ಬೇಕಾದದ್ದು ಶಾಖ, ಆಮೇಲೆ ನೀರು, ಕೊನೆಗೆ ಕಾಳು. ಬಂಡಾರದ ಬಲದಿಂದ ಅದು ಎರಡು ದಿನ ತಿನ್ನದೆಯೂ ಇರಬಲ್ಲದು, ಚಳಿಯಲ್ಲಿ ಒಂದು ರಾತ್ರಿ ಇರಲಾರದು. ಮೊದಲ ವಾರ ಬುಟ್ಟಿಯೊಳಗೆ 35 ಡಿಗ್ರಿ ಬೇಕು, ಆಮೇಲೆ ವಾರಕ್ಕೆ ಸುಮಾರು ಮೂರು ಡಿಗ್ರಿ ಇಳಿಸುತ್ತ ಹೋಗಬಹುದು. ಮಾಪಕ ಇಲ್ಲದಿದ್ದರೂ ಮರಿಗಳೇ ಹೇಳುತ್ತವೆ. ಬಲ್ಬಿನ ಅಡಿ ಗುಂಪುಗೂಡಿ ಚೀರಿದರೆ ಚಳಿ, ದೂರ ಸರಿದು ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ, ಎಲ್ಲೆಡೆ ಹರಡಿ ಮಲಗಿದರೆ ಸರಿಯಾಗಿದೆ.

ಸೊರಗಿದ ಮರಿಯನ್ನು ಬೇರೆ ಇಟ್ಟು, ಕೊಕ್ಕಿನ ತುದಿಯನ್ನಷ್ಟೇ ಉಗುರುಬೆಚ್ಚಗಿನ ಬೆಲ್ಲದ ನೀರಿಗೆ ಅದ್ದಬೇಕು. ಬಾಯಿ ತೆರೆದು ನೀರು ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಕಾಲು ಅಗಲಿಸಿ ಜಾರುವ ಮರಿಗಳಿಗೆ ಬಹಳ ಸಲ ಕಾರಣ ಅಡಿಗೆ ಹಾಸಿದ ನುಣುಪಾದ ಪೇಪರು. ಪೇಪರು ತೆಗೆದು ಗೋಣಿತಟ್ಟು ಹಾಸಿ, ಎರಡೂ ಕಾಲಿಗೆ ಮೃದುವಾದ ಪಟ್ಟಿಯನ್ನು ಸಹಜ ಅಂತರದಲ್ಲಿ ಸುತ್ತಿದರೆ ಕೆಲವೇ ದಿನದಲ್ಲಿ ಎಷ್ಟೋ ಮರಿ ನಿಂತುಕೊಳ್ಳುತ್ತವೆ. ಹಿಕ್ಕೆ ಅಂಟಿ ಹಿಂಭಾಗ ಕಟ್ಟಿಕೊಂಡಿದ್ದರೆ ಬೆಚ್ಚನೆಯ ಒದ್ದೆ ಬಟ್ಟೆಯಿಂದ ನೆನೆಸಿ ಒರೆಸಬೇಕು, ಕೀಳಬಾರದು. ಹೊಕ್ಕುಳು ತೆರೆದು, ಊದಿ, ನಾರುವ ಮರಿ ಉಳಿಯುವುದು ಅಪರೂಪ. ಅದನ್ನು ಉಳಿದವುಗಳ ಜೊತೆ ಬಿಡಬಾರದು. ಚೇತರಿಸಿಕೊಂಡ ಮರಿಗೆ ಜೋಳದ ಸಣ್ಣ ನುಚ್ಚು ಹಾಕಬಹುದು. ಅದೊಂದರಿಂದಲೇ ಬೆಳವಣಿಗೆ ಆಗದು, ಮರಿಗಳ ಆಹಾರವನ್ನೂ ಬೆರೆಸಬೇಕು.

ಇಷ್ಟೆಲ್ಲ ಮಾಡಿ ಉಳಿಸಿದ ಮರಿಗಳನ್ನು ಒಂದೇ ವಾರದಲ್ಲಿ ಕೊಕ್ಕರೆ ರೋಗ ಗುಡಿಸಿಹಾಕಬಲ್ಲದು. ರಾಣಿಖೇತ್ ಎಂದು ಕರೆಯುವುದೂ ಇದನ್ನೇ. ಬಂದ ಮೇಲೆ ಇದಕ್ಕೆ ಔಷಧ ಇಲ್ಲ, ಬಾರದಂತೆ ತಡೆಯುವ ಲಸಿಕೆ ಇದೆ. ಐದರಿಂದ ಏಳನೇ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ ಹಾಕಬೇಕು. ತೊಡಕು ಬೇರೆ ಇದೆ. ಲಸಿಕೆಯ ಬಾಟಲಿ ಬರುವುದು ನೂರಾರು ಮರಿಗಳ ಲೆಕ್ಕದಲ್ಲಿ, ಅದನ್ನು ತಣ್ಣಗೇ ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹತ್ತು ಮರಿ ಇರುವ ಮನೆಗೆ ಇದು ಒಬ್ಬರಿಂದ ಆಗುವ ಮಾತಲ್ಲ. ಆದ್ದರಿಂದ ಕೊರ್ಲಹಳ್ಳಿಯಂಥ ಊರುಗಳ ಕೋಳಿ ಸಾಕುವ ತಾಯಂದಿರು ಓಣಿಯ ಹೇಂಟೆಗಳನ್ನು ಒಂದೇ ವಾರದಲ್ಲಿ ಕಾವಿಗೆ ಕೂರಿಸಲಿ, ಮರಿ ಹೊರಬರುವ ಮೊದಲೇ ಹತ್ತಿರದ ಪಶು ಆಸ್ಪತ್ರೆಗೆ ದಿನಾಂಕ ತಿಳಿಸಲಿ. ಒಂದು ಬಾಟಲಿಯಲ್ಲಿ ಇಡೀ ಓಣಿಯ ಮರಿಗಳಿಗೆ ಲಸಿಕೆ ಆಗುತ್ತದೆ.